ಮೊದಲ ವೀಳ್ಯದ ಜಗಳ: ಪರಮಾಣು ಮತ್ತು ಕ್ಷಿಪಣಿ ಕೂಟಗಳ ಸದಸ್ಯತ್ವವನ್ನು ಕುರಿತು

ಊರಹಬ್ಬ, ಮದುವೆ, ನ್ಯಾಯಪಂಚಾಯಿತಿಗಳಲ್ಲಿ ವೀಳ್ಯ ಹಂಚುವುದಕ್ಕೆ ಒಂದು ಸರದಿಯಿದೆ ಎಂಬುದು ಜಾನಪದ ಅಧ್ಯಯನಕಾರರಿಗೆ ಹೊಸ ಸಂಗತಿಯೇನಲ್ಲ. ವೀಳ್ಯದೆಲೆಯ ಬೆಲೆ ಅತ್ಯಲ್ಪ; ಅದನ್ನು ಮೊದಲು ಪಡೆಯುವವರು ಯಾರು ಎಂಬುದರ ಬೆಲೆ ಮಾತ್ರ ಬಹಳ ದೊಡ್ಡದು. ಎಲೆ ತಪ್ಪಿದ್ದರಿಂದ ಯಾರೂ ಉಪವಾಸ ಬೀಳುವುದಿಲ್ಲ, ಆದರೆ ಸರದಿ ತಪ್ಪಿದ್ದರಿಂದ ಊರು ಎರಡಾದ ನಿದರ್ಶನಗಳುಂಟು. ರಾಷ್ಟ್ರಗಳ ನಡುವಿನ ವ್ಯವಹಾರವನ್ನು ಕುರಿತ ಬರಹಗಳಲ್ಲಿ ಸೈನ್ಯಬಲ, ವ್ಯಾಪಾರ, ತಂತ್ರಜ್ಞಾನಗಳ ಲೆಕ್ಕ ವಿಪುಲವಾಗಿ ದೊರೆಯುತ್ತದೆ. ಮರ್ಯಾದೆಯ ಈ ಲೆಕ್ಕಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ನನ್ನ ಭಾವನೆ. ಪರಮಾಣು ಸಾಮಗ್ರಿ ಹಾಗೂ ಕ್ಷಿಪಣಿಗಳ ರಫ್ತನ್ನು ನಿಯಂತ್ರಿಸುವ ಕೂಟಗಳಲ್ಲಿ ಸ್ಥಾನ ಪಡೆಯಲು ಭಾರತ, ಚೀನಾ, ಪಾಕಿಸ್ತಾನಗಳು ನಡೆಸಿದ ಪೈಪೋಟಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1974ರ ಮೇ 18ರಂದು ರಾಜಸ್ತಾನದ ಪೋಖ್ರಾಣ್‌ನಲ್ಲಿ ಭಾರತವು ತನ್ನ ಮೊದಲ ಅಣುಸ್ಫೋಟವನ್ನು ನಡೆಸಿತು. ಆ ಕಾರ್ಯದ ಮುಂಚೂಣಿಯಲ್ಲಿದ್ದವರು ತುಮಕೂರಿನಲ್ಲಿ ಜನಿಸಿದ, ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ಡಾ. ರಾಜಾರಾಮಣ್ಣ. ಸ್ಫೋಟಕ್ಕೆ ಬಳಕೆಯಾದ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಿಂದ. 1956ರ ಒಪ್ಪಂದದಂತೆ ಆ ರಿಯಾಕ್ಟರನ್ನು ಒದಗಿಸಿದ್ದು ಕೆನಡಾ, ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ. ಎರಡೂ ಶಾಂತಿಯುತ ಬಳಕೆಗೆಂದೇ ಕೊಟ್ಟವು. ತನ್ನದು ಶಾಂತಿಯುತ ಸ್ಫೋಟವೇ ಎಂದು ಭಾರತ ಸಾರಿತು, ಕೊಟ್ಟವರು ಒಪ್ಪಲಿಲ್ಲ. ಮರುವರ್ಷ ಲಂಡನ್ನಿನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್, ಕೆನಡಾ, ಪಶ್ಚಿಮ ಜರ್ಮನಿ, ಜಪಾನ್ ಎಂಬ ಏಳು ದೇಶಗಳು ಸದ್ದಿಲ್ಲದೆ ಸಭೆ ಸೇರಿದವು. ಪರಮಾಣು ಪೂರೈಕೆದಾರರ ಗುಂಪು, ಅಂದರೆ ಪತ್ರಿಕೆಗಳ ಭಾಷೆಯಲ್ಲಿ ಎನ್‌ಎಸ್‌ಜಿ, ಹುಟ್ಟಿದ್ದು ಹೀಗೆ. ಅದು ತನ್ನ ನಿಯಮಗಳನ್ನು ಪ್ರಕಟಿಸಿದ್ದು 1978ರಲ್ಲಿ. ಒಂದು ದೇಶದ ನಡೆಯ ಕಾರಣದಿಂದಲೇ ಹುಟ್ಟಿದ ಕೂಟಕ್ಕೆ ಆ ದೇಶವೇ ಮುಂದೆ ಸದಸ್ಯತ್ವ ಕೇಳಿ ಅರ್ಜಿ ಹಾಕಿತು ಎಂಬುದು ಈ ಚರಿತ್ರೆಯ ವಿಶೇಷ.

ಇಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಒಂದು ಗೆರೆಯನ್ನು ಗಮನಿಸಬೇಕು. 1968ರಲ್ಲಿ ಸಹಿಗೆ ತೆರೆದು 1970ರಲ್ಲಿ ಜಾರಿಗೆ ಬಂದ ಈ ಒಪ್ಪಂದವು, 1967ರ ಜನವರಿ 1ಕ್ಕೆ ಮೊದಲು ಅಣ್ವಸ್ತ್ರ ಸ್ಫೋಟಿಸಿದ ದೇಶಗಳನ್ನು ಮಾತ್ರ ಅಣ್ವಸ್ತ್ರ ರಾಷ್ಟ್ರಗಳೆಂದು ಮನ್ನಿಸುತ್ತದೆ. 1964ರ ಅಕ್ಟೋಬರ್ 16ರಂದು ಸ್ಫೋಟ ನಡೆಸಿದ ಚೀನಾ ಗೆರೆಯ ಒಳಗೆ ಉಳಿಯಿತು, ಭಾರತ ಹೊರಗಾಯಿತು. ನಮ್ಮ ಕಾಡುಗೊಲ್ಲರೇ ಮೊದಲಾದ ಸಮುದಾಯಗಳ ಕಟ್ಟೆಮನೆಗಳಲ್ಲಿ ತಪ್ಪಿತಸ್ಥನನ್ನು ಕುಲದಿಂದ ಹೊರಗಿಡುವ ಪದ್ಧತಿಯಿದ್ದಂತೆ, ತಪ್ಪುಕಾಣಿಕೆ ಸಲ್ಲಿಸಿದವನನ್ನು ಮರಳಿ ಸೇರಿಸಿಕೊಳ್ಳುವ ದಾರಿಯೂ ಇತ್ತು. ಈ ಒಪ್ಪಂದದಲ್ಲಿ ಅಂಥ ದಾರಿಯಿಲ್ಲ. ತನ್ನ ಅಸ್ತ್ರಗಳನ್ನು ತ್ಯಜಿಸದೆ ಭಾರತ ಅದಕ್ಕೆ ಸಹಿ ಹಾಕುವಂತಿಲ್ಲ. ಎಷ್ಟೇ ಕಾಲ ಸನ್ನಡತೆಯಿಂದಿದ್ದರೂ ದಿನಾಂಕ ಬದಲಾಗುವುದಿಲ್ಲ.

ಗೆರೆಯ ಹೊರಗಿದ್ದವರಿಗೆ ಬಾಗಿಲು ಕ್ರಮೇಣ ಬಿಗಿಯಾಯಿತು. 1992ರಲ್ಲಿ ಎನ್‌ಎಸ್‌ಜಿ, ಅಣುಸಾಮಗ್ರಿ ಕೊಳ್ಳುವ ದೇಶವು ತನ್ನ ಎಲ್ಲ ಅಣುಸ್ಥಾವರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡಿಸಿರಬೇಕೆಂದು ವಿಧಿಸಿತು. ಅದಕ್ಕೂ ಮೊದಲು, 1987ರಲ್ಲಿ, ಏಳು ಶ್ರೀಮಂತ ರಾಷ್ಟ್ರಗಳು ಸೇರಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆ ಅಥವಾ ಎಂಟಿಸಿಆರ್ ಎಂಬ ಇನ್ನೊಂದು ಕೂಟವನ್ನು ಕಟ್ಟಿದ್ದವು. 500 ಕಿಲೋಗ್ರಾಂ ಭಾರವನ್ನು 300 ಕಿಲೋಮೀಟರ್ ದೂರಕ್ಕೆ ಒಯ್ಯಬಲ್ಲ ಯಾವುದೇ ವಾಹನ ಅದರ ಕಣ್ಣಿಗೆ ಬೀಳುತ್ತಿತ್ತು. ಉಪಗ್ರಹ ಹೊರುವ ರಾಕೆಟ್ಟಿಗೂ ಅಸ್ತ್ರ ಹೊರುವ ಕ್ಷಿಪಣಿಗೂ ಅದು ಭೇದ ಎಣಿಸಲಿಲ್ಲ.

ಇದರ ಪರಿಣಾಮವನ್ನು ನೇರವಾಗಿ ಅನುಭವಿಸಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ. ಉಡುಪಿ ಸೀಮೆಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ, 1991ರ ಜನವರಿಯಲ್ಲಿ, ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್‌ನೊಡನೆ ಕ್ರಯೋಜೆನಿಕ್ ಎಂಜಿನ್ನುಗಳಿಗೂ ಅವುಗಳ ತಂತ್ರಜ್ಞಾನಕ್ಕೂ ಒಪ್ಪಂದವಾಯಿತು. ಅತಿಶೀತಲ ದ್ರವ ಜಲಜನಕವನ್ನು ಉಡಾವಣೆಗೆ ಮುನ್ನ ತುಂಬಬೇಕಾದ ಈ ಎಂಜಿನ್ನು, ಕ್ಷಣದಲ್ಲಿ ಹಾರಬೇಕಾದ ಕ್ಷಿಪಣಿಗೆ ಒಗ್ಗುವಂಥದಲ್ಲ. ಆದರೂ 1992ರ ಮೇ ತಿಂಗಳಲ್ಲಿ ಅಮೆರಿಕವು ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷಗಳ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಮಣಿದು, ಏಳು ಎಂಜಿನ್ನುಗಳನ್ನು ಮಾತ್ರ ಕೊಟ್ಟು ತಂತ್ರಜ್ಞಾನವನ್ನು ತಡೆಹಿಡಿಯಿತು. 1995ರಲ್ಲಿ ತಾನೇ ಎಂಟಿಸಿಆರ್ ಸದಸ್ಯನಾಯಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನು ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಏರಿದ್ದು 2014ರ ಜನವರಿ 5ರಂದು. ನಡುವಿನ ಇಪ್ಪತ್ತು ವರ್ಷಗಳು ಪಂಕ್ತಿಯ ಹೊರಗೆ ಕುಳಿತದ್ದಕ್ಕೆ ತೆತ್ತ ಬೆಲೆ. ಆದುದರಿಂದ ಇದು ಬರಿಯ ಪ್ರತಿಷ್ಠೆಯ ಜಗಳವೆಂದು ಯಾರೂ ತಿಳಿಯಬಾರದು.

ಚೀನಾದ ಸ್ಥಿತಿ ಇದಕ್ಕೆ ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತಿದೆ. ಪಾಕಿಸ್ತಾನಕ್ಕೆ ಎಂ-11 ಕ್ಷಿಪಣಿಗಳ ಸಾಮಗ್ರಿ ಕೊಟ್ಟಿತೆಂಬ ಕಾರಣಕ್ಕೆ 1991ರಲ್ಲೂ 1993ರಲ್ಲೂ ಅದು ಅಮೆರಿಕದ ನಿರ್ಬಂಧಕ್ಕೆ ಗುರಿಯಾಗಿತ್ತು. 2004ರಲ್ಲಿ ಅದು ಎನ್‌ಎಸ್‌ಜಿ ಸದಸ್ಯತ್ವ ಪಡೆಯಿತು. ಅದೇ ವರ್ಷ ಎಂಟಿಸಿಆರ್ ಬಾಗಿಲು ತಟ್ಟಿದಾಗ ಅದರ ರಫ್ತು ನಿಯಂತ್ರಣದ ಬಗೆಗಿನ ಸಂಶಯದಿಂದ ಒಳಗೆ ಬಿಡಲಿಲ್ಲ. ಎನ್‌ಎಸ್‌ಜಿ ಸೇರಿದ ಮೇಲೂ ಪಾಕಿಸ್ತಾನದ ಚಶ್ಮಾದಲ್ಲಿ ಮೂರನೆಯ ಹಾಗೂ ನಾಲ್ಕನೆಯ ರಿಯಾಕ್ಟರುಗಳನ್ನು ಕಟ್ಟಿಕೊಟ್ಟ ಚೀನಾ, ಅವು ಹಳೆಯ ಒಪ್ಪಂದದ ಭಾಗವೆಂದು ವಾದಿಸಿತು. ಇದೇ ಚೀನಾ 1995ರಲ್ಲಿ ನಮ್ಮ ತಾರಾಪುರದ ಸ್ಥಾವರಕ್ಕೆ ಇಂಧನ ಪೂರೈಸಲು ಒಪ್ಪಿತ್ತು ಎಂಬುದನ್ನು ಇಂದು ನೆನೆಯುವವರು ಕಡಿಮೆ.

2005ರ ಜುಲೈ 18ರಂದು ಮನಮೋಹನ ಸಿಂಗ್ ಮತ್ತು ಜಾರ್ಜ್ ಬುಷ್ ಹೊರಡಿಸಿದ ಜಂಟಿ ಹೇಳಿಕೆಯಿಂದ ಭಾರತದ ಸ್ಥಿತಿ ಬದಲಾಗತೊಡಗಿತು. ಭಾರತವು ತನ್ನ 22 ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ಒಡ್ಡಲು ಒಪ್ಪಿತು. 2008ರ ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ, ಆಸ್ಟ್ರಿಯ, ಐರ್ಲೆಂಡ್, ನ್ಯೂಜಿಲೆಂಡ್ ಮುಂತಾದ ಸಣ್ಣ ದೇಶಗಳ ಅಸಮಾಧಾನ ತಣಿದ ನಂತರ, ಎನ್‌ಎಸ್‌ಜಿ ಭಾರತಕ್ಕೆ ವಿಶೇಷ ವಿನಾಯಿತಿ ಕೊಟ್ಟಿತು. ಅಂದಿನಿಂದ ಭಾರತ ಹೊರದೇಶಗಳ ಯುರೇನಿಯಂ ಕೊಳ್ಳಬಹುದಾಯಿತು. ಒಳಗಿನ ಪಂಕ್ತಿಯಲ್ಲಿ ಜಾಗ ಕೊಡದೆ ಜಗಲಿಯ ಮೇಲೆ ಎಲೆ ಹಾಕಿ ಅದೇ ಅಡುಗೆಯನ್ನು ಬಡಿಸಿದಂತಾಯಿತು ಎಂದರೆ ತಪ್ಪಾಗಲಾರದು. ಊಟಕ್ಕೆ ಕೊರತೆಯಿಲ್ಲ. ಆದರೆ ನಾಳೆಯ ಅಡುಗೆ ಏನು, ಯಾರನ್ನು ಕರೆಯಬೇಕು ಎಂಬ ಮಾತುಕತೆ ನಡೆಯುವುದು ಒಳಗೆ.

2016ರ ಮೇ 12ರಂದು ಭಾರತ ಎನ್‌ಎಸ್‌ಜಿ ಸದಸ್ಯತ್ವಕ್ಕೆ ವಿಧ್ಯುಕ್ತ ಅರ್ಜಿ ಸಲ್ಲಿಸಿತು. ವಾರ ತುಂಬುವ ಹೊತ್ತಿಗೆ ಪಾಕಿಸ್ತಾನದ ಅರ್ಜಿಯೂ ಬಂದಿತು. ಜೂನ್ 23 ಮತ್ತು 24ರಂದು ಸೋಲ್ ನಗರದಲ್ಲಿ 48 ಸದಸ್ಯರ ಸಭೆ. ಅದೇ 23ರಂದು ತಾಷ್ಕೆಂಟಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರನ್ನು ಭೇಟಿಯಾದರು. ಫಲ ದೊರೆಯಲಿಲ್ಲ. ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದವರಿಗೆ ಪ್ರವೇಶ ಕೊಡುವುದಾದರೆ ಮೊದಲು ಸರ್ವರಿಗೂ ಅನ್ವಯಿಸುವ ಮಾನದಂಡ ರೂಪಿಸಬೇಕೆಂದು ಚೀನಾ ಹಟ ಹಿಡಿಯಿತು. ಕೂಟದ ನಿರ್ಣಯಗಳೆಲ್ಲ ಒಮ್ಮತದಿಂದಲೇ ಆಗಬೇಕಾದುದರಿಂದ ಒಬ್ಬರ ಆಕ್ಷೇಪವೂ ಸಾಕು. ನಮ್ಮ ಪತ್ರಿಕೆಗಳು ಚೀನಾವೊಂದನ್ನೇ ದೂರಿದವು. ಆಸ್ಟ್ರಿಯ, ನ್ಯೂಜಿಲೆಂಡ್, ಐರ್ಲೆಂಡ್‌ಗಳಂಥ ದೇಶಗಳೂ ಪ್ರವೇಶದ ಕ್ರಮದ ಬಗ್ಗೆ ಪ್ರಶ್ನೆ ಎತ್ತಿದ ವರದಿಗಳು ಒಳಪುಟಗಳಲ್ಲಿ ಉಳಿದವು.

ಚೀನಾದ ವಾದಕ್ಕೆ ಚರಿತ್ರೆಯ ಬೆಂಬಲ ಪೂರ್ಣವಾಗಿಲ್ಲ. 1975ರಲ್ಲಿ ಲಂಡನ್ನಿನ ಮೊದಲ ಸಭೆಯಲ್ಲಿ ಕುಳಿತ ಫ್ರಾನ್ಸ್ ಆಗ ಪ್ರಸರಣ ತಡೆ ಒಪ್ಪಂದದ ಹೊರಗಿತ್ತು; ಅದೂ ಚೀನಾವೂ ಒಪ್ಪಂದವನ್ನು ಸೇರಿದ್ದು 1992ರಲ್ಲಿ. ಪಾಕಿಸ್ತಾನದ ಸಮಾನತೆಯ ವಾದಕ್ಕೂ ಒಂದು ತೊಡಕಿದೆ. ಆ ದೇಶದ ಅಣುವಿಜ್ಞಾನಿ ಎ.ಕ್ಯು. ಖಾನ್ ತಂತ್ರಜ್ಞಾನವನ್ನು ಅನ್ಯರಿಗೆ ದಾಟಿಸಿದ್ದನ್ನು 2004ರ ಫೆಬ್ರವರಿಯಲ್ಲಿ ದೂರದರ್ಶನದಲ್ಲೇ ಒಪ್ಪಿಕೊಂಡಿದ್ದರು. ಹಾಗೆಂದು ಪಾಕಿಸ್ತಾನದ ಆತಂಕ ನಿರಾಧಾರವೆಂದು ಹೇಳಲಾಗದು. ಭಾರತ ಮೊದಲು ಒಳಗೆ ಹೋದರೆ, ಒಮ್ಮತದ ನಿಯಮದಂತೆ, ಪಾಕಿಸ್ತಾನದ ಅರ್ಜಿಯನ್ನು ಎಷ್ಟು ಕಾಲ ಬೇಕಾದರೂ ತಡೆಯಬಲ್ಲದು. ಹೊರಗಿದ್ದವನು ಒಳಗೆ ಬಂದ ಕ್ಷಣದಿಂದಲೇ ಬಾಗಿಲು ಕಾಯುವವನಾಗುತ್ತಾನೆ. ಜಗಳದ ತಿರುಳು ಇದು: ಸದಸ್ಯತ್ವಕ್ಕಿಂತ ಮಿಗಿಲಾಗಿ ಸದಸ್ಯತ್ವದ ಸರದಿ. ಕೂಟದ ಹಿಂದಿನ ಅಧ್ಯಕ್ಷರಾಗಿದ್ದ ಅರ್ಜೆಂಟೀನಾದ ರಾಫೆಲ್ ಗ್ರೋಸಿ 2016ರ ಡಿಸೆಂಬರಿನಲ್ಲಿ ಸಿದ್ಧಪಡಿಸಿದ ಒಂಬತ್ತು ಅಂಶಗಳ ಕರಡಿನಲ್ಲಿ, ಒಪ್ಪಂದದ ಹೊರಗಿನ ಒಂದು ದೇಶ ಸದಸ್ಯನಾದ ಮೇಲೆ ಅಂಥದೇ ಇನ್ನೊಂದು ದೇಶವನ್ನು ತಡೆಯಬಾರದು ಎಂಬ ಅಂಶವೂ ಇತ್ತೆಂದು ವರದಿಯಾಗಿತ್ತು. ಆ ಕರಡನ್ನು ಯಾರೂ ಪೂರ್ತಿ ಒಪ್ಪಲಿಲ್ಲ. ಹಳ್ಳಿಯಲ್ಲಾದರೆ ಎರಡು ವೀಳ್ಯಗಳನ್ನು ಒಂದೇ ತಟ್ಟೆಯಲ್ಲಿಟ್ಟು ಇಬ್ಬರ ಮುಂದೆ ಹಿಡಿಯುವ ಉಪಾಯವನ್ನು ಯಜಮಾನನೊಬ್ಬ ಹೂಡಬಹುದು. ಇಲ್ಲಿ ಯಜಮಾನನ ಸ್ಥಾನವೇ ಇಲ್ಲ.

ಸೋಲ್ ಸಭೆ ಮುಗಿದ ಮೂರೇ ದಿನಕ್ಕೆ, 2016ರ ಜೂನ್ 27ರಂದು, ಭಾರತ ಎಂಟಿಸಿಆರ್‌ನ 35ನೆಯ ಸದಸ್ಯನಾಯಿತು. ಹಿಂದಿನ ವರ್ಷ ಆ ಅರ್ಜಿಗೆ ಅಡ್ಡಿಯಾದದ್ದು ಇಟಲಿ. 2012ರ ಫೆಬ್ರವರಿಯಲ್ಲಿ ಕೇರಳದ ಕರಾವಳಿಯಾಚೆ ಇಬ್ಬರು ಮೀನುಗಾರರನ್ನು ಗುಂಡಿಕ್ಕಿ ಕೊಂದ ಆರೋಪದ ಮೇಲೆ ಬಂಧಿತರಾಗಿದ್ದ ಇಟಲಿಯ ನೌಕಾಸೈನಿಕರ ಪ್ರಕರಣವೇ ಅದಕ್ಕೆ ಕಾರಣವೆಂದು ಆಗ ವ್ಯಾಪಕವಾಗಿ ವರದಿಯಾಯಿತು. ಇಬ್ಬರಲ್ಲಿ ಎರಡನೆಯವನು 2016ರ ಮೇ ಕೊನೆಯಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಇಟಲಿ ಸುಮ್ಮನಾಯಿತು. ಕ್ಷಿಪಣಿಗೂ ಮೀನಿನ ದೋಣಿಗೂ ಏನು ಸಂಬಂಧವೆಂದು ಕೇಳಬಹುದು. ಹಳೆಯ ಬೇಲಿಜಗಳವನ್ನು ಮದುವೆಯ ಚಪ್ಪರದಲ್ಲಿ ತೀರಿಸಿಕೊಳ್ಳುವುದು ನಮಗೆ ಅಪರಿಚಿತವೇ? ಈ ಸದಸ್ಯತ್ವದ ಫಲವಂತೂ ಕೂಡಲೇ ಕಾಣಿಸಿತು. ರಷ್ಯಾದೊಡನೆ ನಿರ್ಮಿಸಿದ, 290 ಕಿಲೋಮೀಟರಿಗೆ ಸೀಮಿತವಾಗಿದ್ದ ಬ್ರಹ್ಮೋಸ್ ಕ್ಷಿಪಣಿಯ ಹೆಚ್ಚಿದ ವ್ಯಾಪ್ತಿಯ ಪರೀಕ್ಷೆ 2017ರ ಮಾರ್ಚಿನಲ್ಲಿ ನಡೆಯಿತು. 2017ರ ಡಿಸೆಂಬರಿನಲ್ಲಿ ವಾಸೆನಾರ್ ವ್ಯವಸ್ಥೆ, 2018ರ ಜನವರಿಯಲ್ಲಿ ಆಸ್ಟ್ರೇಲಿಯಾ ಗುಂಪು ಭಾರತವನ್ನು ಸೇರಿಸಿಕೊಂಡವು. ಚೀನಾ ಈ ಮೂರರಲ್ಲಿ ಯಾವುದರ ಸದಸ್ಯನೂ ಆಗಿರಲಿಲ್ಲ, ತಡೆಯುವ ಅಧಿಕಾರವೂ ಅದಕ್ಕಿರಲಿಲ್ಲ. ಮುಂದೆ ಅದು ಎಂಟಿಸಿಆರ್‌ಗೆ ಮತ್ತೆ ಅರ್ಜಿ ಹಾಕಿದರೆ ಒಪ್ಪಿಗೆ ಕೊಡಬೇಕಾದವರಲ್ಲಿ ಭಾರತವೂ ಒಂದು.

ಎನ್‌ಎಸ್‌ಜಿ ಬಾಗಿಲಲ್ಲಿ ಮಾತ್ರ ಅರ್ಜಿ ಹಾಗೆಯೇ ಉಳಿಯಿತು. ಆ ಕಾಲದಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುವುದು ಉಚಿತ. ಕಾಳಿ ನದಿಯ ದಡದ ಕೈಗಾ ಸ್ಥಾವರದ ನಾಲ್ಕು ಘಟಕಗಳು ತಪಾಸಣೆಗೆ ಒಡ್ಡಿದ 14ರಲ್ಲಿ ಸೇರಿಲ್ಲ. ಆದ್ದರಿಂದ ಅವು ಹೊರದೇಶದ ಯುರೇನಿಯಂ ಬಳಸುವಂತಿಲ್ಲ, ಸ್ವದೇಶಿ ಇಂಧನವನ್ನೇ ಅವಲಂಬಿಸಿವೆ. ಭಾರತ ಅರ್ಜಿ ಸಲ್ಲಿಸಿದ ಮರುದಿನ, 2016ರ ಮೇ 13ರಂದು, ಅಲ್ಲಿಯ ಮೊದಲನೆಯ ಘಟಕವನ್ನು ಚಾಲನೆಗೊಳಿಸಲಾಯಿತು. ಅದು ಎಲ್ಲಿಯೂ ನಿಲ್ಲದೆ 962 ದಿನ ಓಡಿ, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿದು, 2018ರ ಡಿಸೆಂಬರ್ 31ರಂದು ನಿಂತಿತು.