ಇಲ್ಲಣದ ಲೆಕ್ಕ

ಲಂಡನ್ನಿನ ಚಿಮಣಿ ಹತ್ತಿ ಮಸಿ ಕೆರೆದ ಹುಡುಗರಿಗೆ ಆ ಮಸಿಯಿಂದಲೇ ಕ್ಯಾನ್ಸರ್ ಬರುವುದನ್ನು ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿಟ್ಟ. ಉಪ್ಪುಂದದ ಕಡೆಯ ನಮ್ಮ ಬಡವರ ಮನೆಗಳಲ್ಲಿ ಹೊಗೆಕೊಳವೆಯೇ ಇರಲಿಲ್ಲ. ಮಡಲು, ತೆಂಗಿನ ಸಿಪ್ಪೆ ಉರಿಸಿದ ಹೊಗೆ ಮುಳಿಹುಲ್ಲಿನ ಮಾಡಿಗೆ ಇಲ್ಲಣವಾಗಿ ಜೋತುಬಿತ್ತು (ಹುಲ್ಲಿಗೆ ಹುಳ ಹತ್ತದಂತೆ ಕಾದದ್ದೂ ಅದೇ ಹೊಗೆ), ಉಳಿದದ್ದು ಹೆಂಗಸರ ಎದೆಗಿಳಿಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿದರು; ಒಳ್ಳೇದೇ, ನಾವು ಹೀಗಳೆಯೋದಿಲ್ಲ. 1980ರ ದಶಕದಲ್ಲಿ ಸರ್ಕಾರವೂ ಊರೂರಲ್ಲಿ ಹೊಗೆರಹಿತ ಒಲೆ ಕಟ್ಟಿಸಿತು. ಆದರೆ ಕೊಳವೆಯೊಳಗೆ ಮಸಿ ಕಟ್ಟಿತೋ, ಗಾಳಿ ಎಳೆಯೋದಿಲ್ಲ, ಹೊಗೆ ತಿರುಗಿ ಅಡುಗೆಮನೆಗೇ ನುಗ್ಗುತ್ತೆ. ನಾವು ಕೇಳೋದಿಷ್ಟೇ: ಅದನ್ನ ಕೆರೆಯೋರು ಯಾರು? ಕೂಲಿ ಮುಗಿಸಿ ಬಂದ ಅವಳೇ. ಸರ್ಕಾರ ಒಲೆ ಎಣಿಸಿತು, ಅವಳ ಈ ದುಡಿಮೆಯನ್ನು ಎಣಿಸಲಿಲ್ಲ. 2002ರಲ್ಲಿ ಯೋಜನೆ ನಿಂತಿತು, 2016ರಲ್ಲಿ ಉಜ್ವಲ ಬಂತು. ಸಿಲಿಂಡರಿಗೆ ದುಡ್ಡಿಲ್ಲದ ತಿಂಗಳು ಮತ್ತೆ ಮಡಲೇ ಗತಿ.