ಟೊಮ್ಯಾಟೊ ಕೋಳಿಯೂ ಕೆಂಪು ದ್ರಾಕ್ಷಾರಸವೂ

ದೆಹಲಿಯ ಇಟಾಲಿಯನ್ ಹೋಟೆಲಿನಲ್ಲಿ ಕುಳಿತು ಟೊಮ್ಯಾಟೊ ಗೊಜ್ಜಿನಲ್ಲಿ ಬೆಂದ ಕೋಳಿಯನ್ನು ಕೇಳಿದರೆ, ಜೊತೆಗೆ ಕೆಂಪು ವೈನ್ ತರಲೇ ಎಂದು ಮಾಣಿ ವಿಚಾರಿಸುವುದುಂಟು. ರೋಮನ್ ಚಕ್ರವರ್ತಿಗಳ ಕಾಲದಿಂದ ನಡೆದುಬಂದ ಸಂಪ್ರದಾಯವೋ ಎಂಬಂಥ ಗಾಂಭೀರ್ಯ ಅವನದು. ಈರುಳ್ಳಿಯನ್ನೂ ಅಡಿಗೆಮನೆಗೆ ಬಿಡದ ಸದಸ್ಯರು ನಮ್ಮನ್ನು ಕ್ಷಮಿಸಬೇಕು; ಈ ಜೋಡಿಯ ಚರಿತ್ರೆ ಸ್ವಾರಸ್ಯವಾದದ್ದು, ಮೇಲಾಗಿ ಅದರ ಒಂದು ಕೊಂಡಿ ನಮ್ಮ ದೊಡ್ಡಬಳ್ಳಾಪುರದಲ್ಲಿದೆ.

ರೋಮನ್ನರು ವೈನ್ ಕುಡಿದರು, ನಿಜ. ಆದರೆ ಟೊಮ್ಯಾಟೊವನ್ನು ಅವರು ಕಂಡವರೇ ಅಲ್ಲ. ಅಮೆರಿಕ ಖಂಡದ ಆ ಹಣ್ಣು ಸ್ಪೇನಿನವರ ಕೈಯಿಂದ ಯೂರೋಪನ್ನು ಸೇರಿದ್ದು ಹದಿನಾರನೆಯ ಶತಮಾನದಲ್ಲಿ. ನಮ್ಮ ಹಳಬರು ಅದನ್ನು ಚಪ್ಪರಬದನೆ ಎಂದು ಕರೆದು ದೂರವಿಟ್ಟಂತೆ ಇಟಲಿಯವರೂ ಬಹುಕಾಲ ಅನುಮಾನದಿಂದಲೇ ನೋಡಿದರು. ನೇಪಲ್ಸಿನ ಆಂಟೋನಿಯೊ ಲತೀನಿ 1692ರ ತನ್ನ ಪಾಕಗ್ರಂಥದಲ್ಲಿ ಟೊಮ್ಯಾಟೊ ಗೊಜ್ಜನ್ನು ಬರೆದಾಗಲೂ ಅದಕ್ಕಿಟ್ಟ ಹೆಸರು ಸ್ಪೇನಿನ ರೀತಿಯದು ಎಂದೇ. ಇತ್ತ ಟಸ್ಕನಿಯಲ್ಲಿ ಮೂರನೆಯ ಕೊಸಿಮೊ ದೊರೆ ಕಿಯಾಂತಿ ವೈನಿನ ಸೀಮೆಗೆ ಎಲ್ಲೆ ಗೊತ್ತುಮಾಡಿದ್ದು 1716ರಲ್ಲಿ. ವಧೂವರರಿಬ್ಬರೂ ಬೇರೆ ಬೇರೆ ಊರಿನಲ್ಲಿ ಬೆಳೆಯುತ್ತಿದ್ದರೆನ್ನಬಹುದು.

ಮದುವೆ ನಡೆದದ್ದು ಬಾಣಲೆಯಲ್ಲಿ. 1891ರಲ್ಲಿ ಫ್ಲಾರೆನ್ಸಿನಲ್ಲಿ ಮೊದಲು ಅಚ್ಚಾಗಿ ಇಟಲಿಯ ಮನೆಮನೆಗೂ ಹೋದ ಪೆಲ್ಲೆಗ್ರಿನೊ ಆರ್ತೂಸಿಯ ಅಡಿಗೆ ಪುಸ್ತಕದಲ್ಲಿ ‘ಬೇಟೆಗಾರರ ಕೋಳಿ’ಯ ಪಾಕವಿದೆ. ಹುರಿದ ಕೋಳಿಗೆ ಅರ್ಧ ಲೋಟ ಸಾಂಜೊವೇಸೆ ದ್ರಾಕ್ಷಿಯ ಕೆಂಪು ವೈನನ್ನೂ ಟೊಮ್ಯಾಟೊ ಗಟ್ಟಿರಸವನ್ನೂ ಸೇರಿಸಬೇಕಂತೆ. ಜೀರ್ಣಶಕ್ತಿ ಕಡಿಮೆಯಿದ್ದವರಿಗೆ ಇದು ಸಲ್ಲದೆಂಬ ಎಚ್ಚರಿಕೆಯೂ ಉಂಟು! ಬಾಣಲೆಗೆ ಸುರಿದ ಸೀಸೆಯಲ್ಲಿ ಉಳಿದದ್ದು ಊಟದ ಮೇಜಿಗೆ ಬಂದಿದ್ದರೆ ಆಶ್ಚರ್ಯವೇನು?

ಗೊಜ್ಜು ಮಾಡಬಲ್ಲ ನಮ್ಮವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಟೊಮ್ಯಾಟೊವಿನ ಹುಳಿಯ ಎದುರು ಹುಳಿಯಿಲ್ಲದ ವೈನ್ ನೀರುಮಜ್ಜಿಗೆಯಂತೆ ಸಪ್ಪೆ. ಒಗರು ಮಿತಿಮೀರಿದರೆ ನಾಲಿಗೆ ಕಹಿ. ಸಾಂಜೊವೇಸೆ, ಬಾರ್ಬೆರ ದ್ರಾಕ್ಷಿಗಳಿಗೆ ಹುಟ್ಟಿನಿಂದಲೇ ಹುಳಿ ಹೆಚ್ಚು. ಹುಳಿಗೆ ಹುಳಿಯೇ ಜೊತೆ.

ಇನ್ನು ನಮ್ಮ ದೆಹಲಿಗೆ ಬರೋಣ. ಈ ಊರಿನ ಅಂಗಡಿಗಳಲ್ಲಿ ವೈನ್ ಸಿಕ್ಕುವುದಿಲ್ಲವೆಂದು ಫ್ರೆಂಚ್ ಪ್ರವಾಸಿ ಬರ್ನಿಯೆ 1663ರ ಪತ್ರದಲ್ಲಿ ಗೊಣಗಿದ್ದಾನೆ. ಬರುತ್ತಿದ್ದುದು ಶಿರಾಜಿನಿಂದ, ಇಲ್ಲವೆ ಕ್ಯಾನರಿ ದ್ವೀಪಗಳಿಂದ. ಬೆಲೆ ಕೇಳಿದರೆ ರುಚಿಯೇ ಕೆಡುವಷ್ಟು. ಟೊಮ್ಯಾಟೊ ಕೋಳಿ ಈ ನಗರದ ಹೆಗ್ಗುರುತಾದದ್ದು ದೇಶ ವಿಭಜನೆಯ ಅನಂತರ. ಪೇಶಾವರದಿಂದ ಎಲ್ಲವನ್ನೂ ಬಿಟ್ಟು ಬಂದವರು 1947ರಲ್ಲಿ ದರಿಯಾಗಂಜಿನಲ್ಲಿ ಮೋತಿ ಮಹಲ್ ತೆರೆದರು. ತಂದೂರಿನಲ್ಲಿ ಸುಟ್ಟ ಕೋಳಿ ಒಣಗಿಹೋಗದಂತೆ ಟೊಮ್ಯಾಟೊ, ಬೆಣ್ಣೆಯ ರಸದಲ್ಲಿ ಅದ್ದಿದ್ದೇ ಬಟರ್ ಚಿಕನ್ ಎಂದು ಪ್ರತೀತಿ. ಅದನ್ನು ಕಂಡುಹಿಡಿದವರು ಕುಂದನ್ ಲಾಲ್ ಗುಜ್ರಾಲರೋ ಕುಂದನ್ ಲಾಲ್ ಜಗ್ಗಿಯವರೋ ಎಂಬ ವ್ಯಾಜ್ಯ 2024ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ನಿರಾಶ್ರಿತರು ಉಳಿದದ್ದನ್ನು ಉಳಿಸಿಕೊಳ್ಳಲು ಮಾಡಿದ ಅಡಿಗೆಗೆ ಇಂದು ಎಷ್ಟೊಂದು ವಾರಸುದಾರರು!

ಇಲ್ಲಿ ಕೋಳಿಯಿತ್ತು, ಟೊಮ್ಯಾಟೊ ಇತ್ತು. ನಾಡಿನ ವೈನ್ ಮಾತ್ರ ತಡವಾಗಿ ಬಂತು. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಟ್ಟು 1988ರಲ್ಲಿ ಉದ್ಯಮ ಕಟ್ಟಿದರು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನೇ ತಂದಿತು. ದೇವನಹಳ್ಳಿ, ಚಿಕ್ಕಬಳ್ಳಾಪುರದ ರೈತರು ತಲೆಮಾರುಗಳಿಂದ ಬೆಳೆದ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಆದರೆ ಅದರ ಸಿಹಿ ವೈನ್ ಬೇಟೆಗಾರರ ಕೋಳಿಗೆ ಒಗ್ಗದೆಂದು ನಮ್ಮ ಅಭಿಪ್ರಾಯ. ತವರಿನ ಮೋಹದಿಂದ ಸುಳ್ಳು ಹೇಳಲಾಗದು. ನಂದಿಯ ಶಿರಾಜ್ ದ್ರಾಕ್ಷಿಯ ವೈನ್ ಆದೀತು. ಆದರೂ ನಮ್ಮವರೇ ಅನೇಕರು ಸೀಸೆಯ ಮೇಲೆ ಕರ್ನಾಟಕವೆಂದು ಕಂಡೊಡನೆ ಪಕ್ಕಕ್ಕಿಟ್ಟು, ಮೂರು ಪಟ್ಟು ತೆತ್ತು ಇಟಲಿಯದನ್ನು ತರಿಸುತ್ತಾರೆ. ಬರ್ನಿಯೆ ಇದ್ದಿದ್ದರೆ ನಕ್ಕಾನು.

ಇನ್ನೊಂದು ಮಾತು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಇಡಬೇಕೆಂಬ ನಿಯಮ ಯೂರೋಪಿನ ತಣ್ಣನೆಯ ಕೋಣೆಗಳದು. ಜೂನ್ ತಿಂಗಳ ದೆಹಲಿಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.