ಫ್ರಾನ್ಸಿನ ಸಾರ್ವಜನಿಕ ಶಾಲೆಯ ರಾಜಕೀಯ ಮೂಲ

ಸಾರ್ವಜನಿಕ ಶಾಲೆಯು ಪ್ರಜಾಪ್ರಭುತ್ವದ ಶಿಶುವೆಂದೂ, ಮತದಾನದ ಹಕ್ಕನ್ನು ಗಳಿಸಿದ ಜನತೆಯು ವಿದ್ಯೆಯನ್ನೂ ಕೇಳಿ ಪಡೆಯಿತೆಂದೂ ಭಾವಿಸುವುದು ವಾಡಿಕೆ. ಫ್ರಾನ್ಸಿನ ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. ಅಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ತಳಹದಿ ಹಾಕಿದ ಶಾಸನವು ಹೊರಟದ್ದು 1833ರ ಜೂನ್ 28ರಂದು. ವಯಸ್ಕ ಪುರುಷರೆಲ್ಲರಿಗೂ ಮತಾಧಿಕಾರ ದೊರೆತದ್ದು 1848ರಲ್ಲಿ.

1830ರ ಜುಲೈ ಕ್ರಾಂತಿಯು ಹತ್ತನೆಯ ಚಾರ್ಲ್ಸನನ್ನು ಇಳಿಸಿ ಲೂಯಿ ಫಿಲಿಪ್ಪನನ್ನು ಸಿಂಹಾಸನಕ್ಕೇರಿಸಿತು. ಮರುವರ್ಷದ ನವೆಂಬರಿನಲ್ಲಿ ಲಿಯಾನ್ ನಗರದ ರೇಷ್ಮೆ ನೇಕಾರರು ದಂಗೆಯೆದ್ದರು. ಹೊಸ ಅರಸೊತ್ತಿಗೆಯು ಇನ್ನೂ ಬೇರೂರಿರಲಿಲ್ಲ. ಇಂತಹ ಸಮಯದಲ್ಲಿ, 1832ರಲ್ಲಿ, ಶಿಕ್ಷಣ ಮಂತ್ರಿಯಾದ ಫ್ರಾನ್ಸ್ವಾ ಗೀಜೊ ಸ್ವತಃ ಇತಿಹಾಸಕಾರನಾಗಿದ್ದನು. ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವು ಸುವ್ಯವಸ್ಥೆಯನ್ನು ಕಾಯುವ ಸಾಧನವೆಂಬುದನ್ನು ಆತನು ಉಪಾಧ್ಯಾಯರಿಗೆ ಕಳುಹಿಸಿದ ಸುತ್ತೋಲೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದನು. ಆಳುವವರು ತಮ್ಮ ಉದ್ದೇಶವನ್ನು ಇಷ್ಟು ನೇರವಾಗಿ ಬರೆದಿಡುವುದು ಅಪರೂಪ.

ಶಾಸನದ ಪ್ರಕಾರ ಪ್ರತಿಯೊಂದು ಕಮ್ಯೂನೂ, ಎಂದರೆ ಗ್ರಾಮ ಅಥವಾ ಪಟ್ಟಣವೂ, ಒಂಟಿಯಾಗಿಯೋ ನೆರೆಯ ಕಮ್ಯೂನುಗಳೊಡನೆ ಕೂಡಿಯೋ ಒಂದು ಶಾಲೆಯನ್ನು ನಡೆಸಬೇಕಾಗಿತ್ತು. ಜಿಲ್ಲೆಗೊಂದು ಉಪಾಧ್ಯಾಯರ ತರಬೇತಿ ಶಾಲೆ ಇರಬೇಕಾಗಿತ್ತು. ಪಾಠಗಳ ಪಟ್ಟಿಯಲ್ಲಿ ಮೊದಲ ಸ್ಥಾನ ನೀತಿ ಮತ್ತು ಧರ್ಮಬೋಧೆಗೆ. ಓದು, ಬರಹ, ಲೆಕ್ಕ ಅನಂತರದವು. ಹಾಜರಾತಿ ಕಡ್ಡಾಯವಾಗಿರಲಿಲ್ಲ. ಶುಲ್ಕವಿನಾಯಿತಿ ಬಡವರಿಗೆ ಮಾತ್ರ. ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯುವ ಹೊಣೆಯನ್ನು ಶಾಸನವು ಯಾರ ಮೇಲೂ ಹೊರಿಸಲಿಲ್ಲ.

ಇಲ್ಲಿ ಒಂದು ಅಂಕಿಯನ್ನು ಗಮನಿಸಬೇಕು. ಉಪಾಧ್ಯಾಯನಿಗೆ ಶಾಸನವು ಗೊತ್ತುಮಾಡಿದ ಕನಿಷ್ಠ ವಾರ್ಷಿಕ ವೇತನ 200 ಫ್ರಾಂಕು. 1831ರ ಚುನಾವಣಾ ಕಾಯಿದೆಯಂತೆ ಮತದಾರನಾಗಬೇಕಾದರೆ ವರ್ಷಕ್ಕೆ ಸಲ್ಲಿಸಬೇಕಾಗಿದ್ದ ನೇರ ತೆರಿಗೆಯೂ ಸಾಮಾನ್ಯವಾಗಿ 200 ಫ್ರಾಂಕೇ! ಮೂರು ಕೋಟಿಗೂ ಮಿಕ್ಕಿದ ಜನಸಂಖ್ಯೆಯಲ್ಲಿ ಮತದಾರರು ಸುಮಾರು ಎರಡು ಲಕ್ಷ. ಪ್ರಜೆಗಳನ್ನು ತಿದ್ದಲು ನೇಮಕಗೊಂಡವನಿಗೆ ಪ್ರಜೆಯ ಹಕ್ಕೇ ಇರಲಿಲ್ಲ.

1848ರ ಕ್ರಾಂತಿಯಿಂದ ಮತಾಧಿಕಾರ ಬಂದಾಗ ಈ ಉಪಾಧ್ಯಾಯನೇ ಸಂಶಯಕ್ಕೆ ಗುರಿಯಾದನು. ಗಣರಾಜ್ಯದ ಶಿಕ್ಷಣ ಮಂತ್ರಿ ಇಪ್ಪೊಲಿತ್ ಕಾರ್ನೊ, ರೈತರನ್ನು ಚುನಾವಣೆಗೆ ಸಿದ್ಧಗೊಳಿಸುವಂತೆ ಉಪಾಧ್ಯಾಯರಿಗೆ ಕರೆಯಿತ್ತಿದ್ದನು. ಆ ಜೂನಿನಲ್ಲಿ ಪ್ಯಾರಿಸಿನ ಕಾರ್ಮಿಕರ ದಂಗೆ ಅಡಗಿದ ಮೇಲೆ ಸಂಪ್ರದಾಯವಾದಿಗಳು ಹಳ್ಳಿಹಳ್ಳಿಗೆ ಸಮಾಜವಾದವನ್ನು ಹರಡಿದ ಅಪರಾಧವನ್ನು ಉಪಾಧ್ಯಾಯರ ತಲೆಗೆ ಕಟ್ಟಿದರು. 1850ರ ಜನವರಿಯ ಶಾಸನವೊಂದು ಅವರನ್ನು ಪ್ರಿಫೆಕ್ಟನ, ಅಂದರೆ ಸರಕಾರ ನೇಮಿಸಿದ ಜಿಲ್ಲೆಯ ಮುಖ್ಯಾಧಿಕಾರಿಯ, ಅಂಕೆಗೆ ಒಳಪಡಿಸಿತು. ಅನೇಕರು ಕೆಲಸ ಕಳೆದುಕೊಂಡರು. 1854ರಲ್ಲಿ ನೇಮಕದ ಅಧಿಕಾರವೂ ಪ್ರಿಫೆಕ್ಟನ ಕೈಸೇರಿತು. ಜೂಲ್ ಫೆರಿಯ 1881 ಮತ್ತು 1882ರ ಶಾಸನಗಳು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಧರ್ಮನಿರಪೇಕ್ಷವೂ ಆಗಿ ಮಾಡಿದವು. ಆದರೆ ಉಪಾಧ್ಯಾಯರನ್ನು ನೇಮಿಸುವ ಪ್ರಿಫೆಕ್ಟನ ಅಧಿಕಾರವನ್ನು ಆ ಗಣರಾಜ್ಯವು 1886ರ ಶಾಸನದಲ್ಲಿಯೂ ಉಳಿಸಿಕೊಂಡಿತು.